ಮಳೆ ಕಡಿಮೆಯಿರುವ ಸೀಮೆಯಲ್ಲಿ ಮನೆ ಏಕೆ ಬೀಳುತ್ತದೆ?

ಪ್ರಶ್ನೆ: ಬರ ನಮ್ಮ ಭಾಗಕ್ಕೆ ಹೊಸದಲ್ಲ, ಆದರೆ ಹೊಳೆಯ ಪ್ರವಾಹ ಅಪರೂಪ, ಭೂಕಂಪವಂತೂ ಇಲ್ಲಿಲ್ಲ. ಆದರೂ ನಾಲ್ಕು ದಿನ ಜಡಿಮಳೆ ಹಿಡಿದರೆ ಮಣ್ಣಿನ ಮಾಳಿಗೆ (ಮರದ ಜಂತೆಗಳ ಮೇಲೆ ಮಣ್ಣು ಹಾಸಿದ ಸಪಾಟು ಸೂರು) ಮನೆಗಳು ಬಿದ್ದ ಸುದ್ದಿ ಬರುತ್ತದೆ. ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಹೀಗೇಕೆ? ನಮ್ಮದೂ ಮಾಳಿಗೆ ಮನೆಯೇ.
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಎಷ್ಟು ಮಳೆ ಬಿತ್ತು ಎಂಬುದರಷ್ಟೇ, ಅದು ಎಂಥ ಸೂರಿನ ಮೇಲೆ ಬಿತ್ತು ಎಂಬುದೂ ಮುಖ್ಯ. ಮಲೆನಾಡಿನಲ್ಲಿ ನಿಮ್ಮಲ್ಲಿಗಿಂತ ಹಲವು ಪಟ್ಟು ಹೆಚ್ಚು ಸುರಿಯುತ್ತದೆ. ಆದರೆ ಅಲ್ಲಿ ಇಳಿಜಾರಿನ ಹೆಂಚು ನೀರನ್ನು ಗೋಡೆಯಿಂದ ದೂರಕ್ಕೆ ಚೆಲ್ಲುತ್ತದೆ. ನಿಮ್ಮ ಕಡೆಯ ಮಾಳಿಗೆ ಬಿಸಿಲಿಗೆಂದು ಕಟ್ಟಿದ್ದು, ಆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ.

ತೊಂದರೆ ಇರುವುದು ಭಾರದಲ್ಲಿ. ಸೋರಿದಾಗಲೆಲ್ಲ ಹಳೆಯ ಮಣ್ಣು ಇಳಿಸದೆ ಮೇಲೊಂದು ಪದರ ಹಾಕಿಸುತ್ತಾ ಬಂದರೆ, 10 ಅಡಿಗೆ 12 ಅಡಿಯ ಕೋಣೆಯ ಮೇಲಿನ ಒಂದಡಿ ದಪ್ಪದ ಮಣ್ಣು ನೆನೆದಾಗ 5 ಟನ್ನಿಗೂ ಹೆಚ್ಚು ತೂಗುತ್ತದೆ. ಅದನ್ನು ಹೊರಬೇಕಾದ ಗೋಡೆಯ ಬುಡ ಅದೇ ಹೊತ್ತಿಗೆ ನೀರು ಹೀರಿ ಮೆತ್ತಗಾಗಿರುತ್ತದೆ. ಜೊತೆಗೆ, ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಕಾಂಕ್ರೀಟ್ ಸುರಿಯುತ್ತಾ ಹೋದ ಕೇರಿಗಳಲ್ಲಿ ಹೊಸ್ತಿಲು ರಸ್ತೆಗಿಂತ ತಗ್ಗಾಗಿ, ಬೀದಿಯ ನೀರೆಲ್ಲ ಗೋಡೆಯ ಬುಡದಲ್ಲೇ ನಿಲ್ಲುತ್ತದೆ. ಇದನ್ನೂ ಕಡತದಲ್ಲಿ ಪ್ರಕೃತಿ ವಿಕೋಪವೆಂದೇ ಬರೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಭೂಕಂಪದ ಮಾತಿಗೊಂದು ತಿದ್ದುಪಡಿ. ಚಿತ್ರದುರ್ಗದಲ್ಲಿ ಅದರ ಸಂಭವ ಕಡಿಮೆ, ನಿಜ. ಮಹಾರಾಷ್ಟ್ರದ ಕಿಲ್ಲಾರಿಯನ್ನೂ ಹಾಗೆಯೇ ಎಣಿಸಲಾಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸುಮಾರು 6.2 ತೀವ್ರತೆಯ ಕಂಪನವಾದಾಗ ಅಲ್ಲಿ ಸಾವಿರಾರು ಜನ ಸತ್ತದ್ದು ಬಹುಪಾಲು ಕಲ್ಲು–ಕೆಸರಿನ ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆಗಳ ಅಡಿಯಲ್ಲಿ, ಮಲಗಿದಲ್ಲಿಯೇ.

ಬೇಸಿಗೆಯಲ್ಲೇ ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ, ಗೋಡೆಯ ಬುಡದ ನೀರು ಹರಿದುಹೋಗುವಂತೆ ಕಾಲುವೆ ತೆಗೆಸಿರಿ. ಮಳೆಗಾಲದಲ್ಲಿ ಗೋಡೆ ಹೊಟ್ಟೆ ಬಿಟ್ಟರೆ, ಮೂಲೆಯಲ್ಲಿ ಓರೆ ಬಿರುಕು ಕಂಡರೆ, ಜಂತೆಗಳ ಸಂದಿನಿಂದ ಮಣ್ಣು ಉದುರತೊಡಗಿದರೆ ಅಥವಾ ಸಲೀಸಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಆ ರಾತ್ರಿ ಒಳಗೆ ಮಲಗಬೇಡಿರಿ. ಶಾಲೆಯೋ ಸಮುದಾಯ ಭವನವೋ ಲೇಸು. ನೆನೆದ ಗೋಡೆ ಮಳೆ ನಿಂತ ಮೇಲೆ ಕುಸಿಯುವುದೂ ಉಂಟು, ಆದ್ದರಿಂದ ಬಿಸಿಲು ಬಿದ್ದೊಡನೆ ಮರಳುವ ಆತುರ ಬೇಡ. ನಿಮ್ಮ ಮನೆ ಗಟ್ಟಿಯಾಗಿದ್ದರೂ ಪಕ್ಕದ ಪಾಳುಮನೆಯ ಒಂಟಿ ಗೋಡೆ ನಿಮ್ಮತ್ತ ವಾಲಿದೆಯೇ ಎಂದು ನೋಡಿ, ವಾಲಿದ್ದರೆ ಮಳೆಗಾಲಕ್ಕೆ ಮುನ್ನವೇ ಕೆಡವಿಸುವಂತೆ ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.