ಒಂದು ಮರ ಆರಿಸಿಕೊಳ್ಳಿ

ಮನೆ, ಬಸ್ಸು, ಆಫೀಸಿನಲ್ಲೇ ದಿನ ಮುಗಿಯುತ್ತದೆ, ವಸಂತ ಬಂದದ್ದೇ ಗೊತ್ತಾಗುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ದಿನಾ ಹೋಗುವ ದಾರಿಯಲ್ಲೇ ಒಂದು ಮರ ಆರಿಸಿಕೊಳ್ಳಿ. ಒಂದೇ ಸಾಕು, ಅದರಲ್ಲೂ ಕೈಗೆಟುಕುವ ಒಂದು ಕೊಂಬೆ. ಮೊದಲು ಮೊಗ್ಗು ಉಬ್ಬುತ್ತದೆ, ಆಮೇಲೆ ಚಿಗುರು ಬಿಚ್ಚಿಕೊಳ್ಳುತ್ತದೆ. ಎಷ್ಟೋ ಮರಗಳ ಎಳೆ ಎಲೆ ಕೆಂಪಗಿರುತ್ತದೆ, ಗಮನಿಸಿದ್ದೀರಾ? ಅದು ಆಂಥೋಸಯನಿನ್ ಅನ್ನುವ ವರ್ಣದ್ರವ್ಯದ ಬಣ್ಣ. ಹಸಿರು ತುಂಬಿಕೊಳ್ಳುವುದು ನಿಧಾನಕ್ಕೆ. ಆ ಕೆಂಪು ಇರುವುದು ಸ್ವಲ್ಪವೇ ದಿನ, ಅದಕ್ಕೇ ನನಗೆ ಅದರ ಮೇಲೆ ಅಷ್ಟು ಪ್ರೀತಿ.

ಕಾಂಕ್ರೀಟು, ಡಾಂಬರು ಬಿಸಿಲ ಕಾವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಸುತ್ತಲಿನ ಹಳ್ಳಿಗಳಿಗಿಂತ ನಗರದಲ್ಲೇ ಎಷ್ಟೋ ಸಲ ಚಿಗುರು ಮೊದಲು ಬರುತ್ತದೆ. ನಾವು ನೋಡುವುದಿಲ್ಲ ಅಷ್ಟೇ, ಅಲ್ವಾ?

ಇನ್ನೊಂದು, ಸಂಜೆಯ ಬೆಳಕು. ಮಾರ್ಚ್ 20ರ ಆಸುಪಾಸು ಹಗಲು, ರಾತ್ರಿ ಹೆಚ್ಚುಕಡಿಮೆ ಸಮ. ಉತ್ತರಾರ್ಧಗೋಳದಲ್ಲಿ ಹಗಲು ಅತಿ ಬೇಗ ಉದ್ದವಾಗುವುದು ಆಗಲೇ. ಒಂದು ಸ್ಟಾಪ್ ಮೊದಲೇ ಇಳಿದು ಸುಮ್ನೆ ನಡೆಯಿರಿ. ಫೋನ್ ಜೇಬಿನಲ್ಲೇ ಇರಲಿ.

ಬೇಗ ಎಚ್ಚರವಾದರೆ ಕಿಟಕಿ ತೆರೆಯಿರಿ. ವಾಹನಗಳ ಸದ್ದು ಶುರುವಾಗುವ ಮುಂಚೆ ಹಕ್ಕಿಗಳ ದನಿ ತುಂಬ ಚೆನ್ನಾಗಿ ಕೇಳಿಸುತ್ತದೆ.

ನಿಮ್ಮ ಮರ ಯಾವುದು ಅಂತ ಖಂಡಿತ ತಿಳಿಸಿ.