ವೆಬ್‌ಸೈಟನ್ನು ಝಿಮ್ ಫೈಲ್ ಮಾಡುವ ಮೊದಲು ಏನೇನು ಸರಿಮಾಡಿಕೊಳ್ಳಬೇಕು?

ಸಿದ್ದಾಪುರದ ಹತ್ತಿರ ನಿಮ್ಮೂರ ಸಂಘದ್ದೊಂದು ಅಡಿಕೆ ಕೃಷಿಯ ವೆಬ್‌ಸೈಟ್ ಇದೆ, ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಇಂಟರ್ನೆಟ್ ಇಲ್ಲದೆಯೂ ಪುಟ ತೋರಿಸುವ ಕಿವಿಕ್ಸ್ ಆ್ಯಪಿನಲ್ಲಿ ಓದುವ ಹಾಗೆ ಮಾಡಬೇಕು ಅಂತ ಕೇಳಿದ್ದೀರಿ. ನಾನು ಶಿರಸಿಯವನು, ಇಂಥ ಕೆಲಸ ಮಾಡುತ್ತಿರುತ್ತೇನೆ. ಇಡೀ ವೆಬ್‌ಸೈಟನ್ನು ಕಿವಿಕ್ಸ್ ಓದುವ ಝಿಮ್ ಎಂಬ ಒಂದೇ ಫೈಲಾಗಿ ಪ್ಯಾಕ್ ಮಾಡುವುದು ಒಂದೇ ಕಮಾಂಡಿನ ಕೆಲಸ. ಶ್ರಮ ಇರುವುದೆಲ್ಲ ಅದಕ್ಕೂ ಮೊದಲು.

ಪುಟಕ್ಕೆ ಬೇಕಾದ ಎಲ್ಲವೂ ಒಂದೇ ಫೋಲ್ಡರಿನಲ್ಲಿರಬೇಕು. ಚಿತ್ರ, ಸ್ಟೈಲ್, ಸ್ಕ್ರಿಪ್ಟ್ ಯಾವುದೂ ಹೊರಗಿನ ಸರ್ವರಿನಿಂದ ಬರಬಾರದು. ಲಿಂಕ್ ಓರೆಗೆರೆಯಿಂದ ಶುರುವಾಗುತ್ತಿದ್ದರೆ ಅದನ್ನು ಈ ಪುಟದಿಂದ ಆ ಪುಟಕ್ಕೆ ಹೋಗುವ ದಾರಿಯಾಗಿ ಬದಲಿಸಿ. ಫೈಲ್ ಹೆಸರು ನೋಡಿಕೊಳ್ಳಿ: ಹೆಸರಿನ ಕೊನೆಯ 'ಜೆಪಿಜಿ' ಅನ್ನುವುದು ಫೋಲ್ಡರಿನಲ್ಲಿ ದೊಡ್ಡಕ್ಷರದಲ್ಲಿ, ಲಿಂಕಿನಲ್ಲಿ ಸಣ್ಣಕ್ಷರದಲ್ಲಿ ಇದ್ದರೆ ವಿಂಡೋಸ್‌ನಲ್ಲಿ ಚಿತ್ರ ಕಾಣುತ್ತದೆ, ಝಿಮ್‌ನಲ್ಲಿ ಕಾಣುವುದಿಲ್ಲ. ಪುಟ ಸರಿಸಿದಾಗ ಮಾತ್ರ ಲೋಡ್ ಆಗುವ ಚಿತ್ರಗಳೂ ಹಾಗೇ ಕೈಕೊಡುತ್ತವೆ. ಅವಕ್ಕೆ ನೇರ ವಿಳಾಸ ಕೊಡಿ.

ನಮ್ಮ ಭಾಷೆಗೆ ದೊಡ್ಡ ತೊಡಕು ಹಳೆಯ ಬರಹ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪುಟ ಕಣ್ಣಿಗೆ ಕನ್ನಡವೇ. ಒಳಗೆ ಇರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದು ಓದಲಿಕ್ಕೇ ಬರುವುದಿಲ್ಲ. ಕಿವಿಕ್ಸ್‌ನಲ್ಲಿ 'ಕೊಳೆ ರೋಗ' ಅಂತ ಹುಡುಕಿದರೂ ಏನೂ ಸಿಗುವುದಿಲ್ಲ. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಎಲ್ಲ ಮೊಬೈಲುಗಳೂ ಕನ್ನಡವೆಂದೇ ಗುರುತಿಸುವ ಅಕ್ಷರಗಳಿಗೆ, ತನ್ನಿ. ಪರಿವರ್ತಕ ತಂತ್ರಾಂಶ ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪಬಹುದು, ಹಾಗಾಗಿ ಒಮ್ಮೆ ಕಣ್ಣಾರೆ ಓದಲೇಬೇಕು. ಆಮೇಲೆ ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಫೋಲ್ಡರಿನಲ್ಲೇ ಇಡಿ.

ಮೊಬೈಲಿನಲ್ಲಿ ತೆಗೆದ ಫೋಟೋ ಹಾಗೇ ಹಾಕಬೇಡಿ. 800 ಪಿಕ್ಸೆಲ್ ಅಗಲ ಸಾಕು. ಝಿಮ್ ಫೈಲ್ ತೀರಾ ದೊಡ್ಡದಾಗಬಾರದು; ಹಳೆಯ ಮೆಮೊರಿ ಕಾರ್ಡ್ ಫ್ಯಾಟ್32 ಎಂಬ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

ಎಲ್ಲವನ್ನೂ ತುಂಬುವ ಆಸೆ ಬೇಡ. ಸರ್ವರ್ ಬೇಕಾಗುವ ಹುಡುಕುವ ಪೆಟ್ಟಿಗೆ, ಫಾರಂ, ಕಾಮೆಂಟ್ ತೆಗೆಯಿರಿ. ಅಡಿಕೆ ದರದ ಪುಟವೂ ಬೇಡ, ವಾರಕ್ಕೇ ಹಳತಾಗುತ್ತದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ, ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ಮಾತ್ರ ಮೊದಲ ಪುಟದಿಂದಲೇ ಸಿಗುವ ಹಾಗಿರಲಿ. ಮಳೆ ಹಿಡಿದಾಗ ಜನ ಹುಡುಕುವುದೇ ಅದನ್ನು, ಅಲ್ವಾ? ಔಷಧಿ ಸಲಹೆಯ ಪುಟಗಳಿಗೆ ತಪ್ಪದೇ ದಿನಾಂಕ ಹಾಕಿ. ಬೇರೆಯವರ ಲೇಖನ, ಫೋಟೋ ಇದ್ದರೆ ಈಗಲೇ ಒಪ್ಪಿಗೆ ಕೇಳಿ.

ಇನ್ನು ಪ್ಯಾಕ್ ಮಾಡುವ ಕಮಾಂಡ್, ಝಿಮ್‌ರೈಟರ್‌ಎಫ್‌ಎಸ್. ಅದಕ್ಕೆ ಮೊದಲ ಪುಟದ ಹೆಸರು, 48 ಪಿಕ್ಸೆಲ್ ಚೌಕದ ಪಿಎನ್‌ಜಿ ಚಿತ್ರ, ಭಾಷೆಯ ಮೂರಕ್ಷರದ ಸಂಕೇತ (ಕೆ-ಎ-ಎನ್), ಶೀರ್ಷಿಕೆ, ವಿವರಣೆ ಎಲ್ಲ ಕೊಡಬೇಕು. ಶೀರ್ಷಿಕೆ 30 ಅಕ್ಷರ, ವಿವರಣೆ 80 ಅಕ್ಷರ ದಾಟಬಾರದು. ಫೈಲ್ ತಯಾರಾದ ಮೇಲೆ ಝಿಮ್‌ಚೆಕ್ ಎಂಬ ತಪಾಸಣೆಯ ಕಮಾಂಡ್ ಓಡಿಸಿದರೆ ಒಳಗೆ ತುಂಡಾದ ಲಿಂಕುಗಳು ಗೊತ್ತಾಗುತ್ತವೆ. ಅಷ್ಟಕ್ಕೇ ಹಂಚಬೇಡಿ. ಹಳೆಯದೊಂದು ಮೊಬೈಲಿಗೆ ಹಾಕಿ, ಏರೋಪ್ಲೇನ್ ಮೋಡ್ ಒತ್ತಿ, ಊರಿನ ಯಾರಾದರೂ ಹಿರಿಯ ಕೃಷಿಕರ ಕೈಗೆ ಕೊಟ್ಟು ಬೋರ್ಡೋ ಪುಟ ಹುಡುಕಲು ಹೇಳಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅದನ್ನು ಸರಿಮಾಡಿ, ಮತ್ತೆ ಪ್ಯಾಕ್ ಮಾಡಿ.