ಹಿಸ್ಟಾಲಜಿ ಸ್ಲೈಡ್‌ಗಳೆಲ್ಲ ಒಂದೇ ಥರ ಕಾಣುತ್ತವೆ, ಗುರುತು ಹಿಡಿಯೋದು ಹೇಗೆ?

ನೀವು ಮೊದಲ ವರ್ಷದ ಬಿವಿಎಸ್ಸಿ, ಅಂದರೆ ಪಶುವೈದ್ಯಕೀಯ ವಿದ್ಯಾರ್ಥಿ. ಹಿಸ್ಟಾಲಜಿ ಅಂದರೆ ಅಂಗಾಂಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಲಿಯುವ ವಿಷಯ. ಅಟ್ಲಾಸಿನ ಚಿತ್ರಗಳೆಲ್ಲ ಬಾಯಿಪಾಠ. ಆದರೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಎಲ್ಲವೂ ಗುಲಾಬಿ, ನೇರಳೆ ಬಣ್ಣದ ಕಲಸುಮೇಲೋಗರ. ಜೊತೆಗೆ, ನಾಳೆ ಹಳ್ಳಿಯಲ್ಲಿ ಹಸು, ಎಮ್ಮೆಗೆ ಔಷಧಿ ಕೊಡುವವರಿಗೆ ಇದೆಲ್ಲ ಯಾಕೆ ಅಂತಲೂ ಕೇಳಿದ್ದೀರಿ. ನಾನೂ ಪಶುವೈದ್ಯ. ನನ್ನ ಕೆಲಸದಲ್ಲಿ ದೊಡ್ಡ ಪಾಲು ಸ್ಲೈಡ್ ನೋಡುವುದೇ. ಎರಡನೇ ಪ್ರಶ್ನೆಗೆ ಉತ್ತರ ಮೊದಲನೆಯದರ ಒಳಗೇ ಇದೆ, ನೋಡೋಣ.

ತೊಂದರೆ ಇರುವುದು ಬಾಯಿಪಾಠದಲ್ಲೇ. ಅಟ್ಲಾಸಿನಲ್ಲಿ ಅಚ್ಚಾಗಿರುವುದು ಯಾರೋ ಹುಡುಕಿ ಹುಡುಕಿ ಆರಿಸಿದ ಚೆಂದದ ಜಾಗ. ನಿಮ್ಮ ಕೈಗೆ ಬರುವ ಸ್ಲೈಡ್ ಹಾಗಿರುವುದಿಲ್ಲ. ಒಂದು ಮೂಲೆ ಮಡಚಿರುತ್ತದೆ, ಬಣ್ಣ ಮಾಸಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಓರೆಯಾಗಿ ಕತ್ತರಿಸಿರುತ್ತಾರೆ. ಬೆಂಡೆಕಾಯಿಯನ್ನು ಅಡ್ಡ ಹೆಚ್ಚಿದರೆ ಬಿಲ್ಲೆ, ಓರೆ ಹೆಚ್ಚಿದರೆ ಮೊಟ್ಟೆಯಾಕಾರ, ಉದ್ದಕ್ಕೆ ಸೀಳಿದರೆ ಬೇರೆಯದೇ ರೂಪ ಅಲ್ವಾ? ಕಿಡ್ನಿಯ ನಳಿಕೆಗೂ ವೃಷಣದ ನಳಿಕೆಗೂ ಅದೇ ಲೆಕ್ಕ. ಒಂದೇ ಸ್ಲೈಡಿನಲ್ಲಿ ಮೂರೂ ರೂಪ ಸಿಗುತ್ತವೆ. ಚಿತ್ರ ನೆನಪಿಟ್ಟುಕೊಂಡವರು ಅಲ್ಲಿ ಎಡವುತ್ತಾರೆ.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೇರಳೆ ಕೊಡುವುದು ಹೆಮಟಾಕ್ಸಿಲಿನ್, ಅದು ಮುಖ್ಯವಾಗಿ ಜೀವಕೋಶದ ನ್ಯೂಕ್ಲಿಯಸ್ಸಿಗೆ ಹಿಡಿಯುತ್ತದೆ. ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ತೆಗೆದ ಬಣ್ಣ ಅದು. ಇಯೋಸಿನ್ ಗುಲಾಬಿ. ಸ್ನಾಯು, ಕೊಲಾಜೆನ್, ಕೆಂಪು ರಕ್ತಕಣ ಎಲ್ಲ ಅದರ ಪಾಲು. ಹಾಗಾಗಿ ಕಡು ನೇರಳೆ ಕಂಡರೆ ನ್ಯೂಕ್ಲಿಯಸ್ಸುಗಳು ಒತ್ತೊತ್ತಾಗಿವೆ ಅಂತ ಅರ್ಥ. ಹೆಚ್ಚಿನ ಸಲ ಅದು ಲಿಂಫೋಸೈಟುಗಳ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ, ಗುಂಪು.

ಈಗ ನೋಡುವ ಕ್ರಮ. ಸ್ಲೈಡನ್ನು ಮೊದಲು ಬಿಳಿ ಹಾಳೆಯ ಮೇಲಿಟ್ಟು ಬರಿಗಣ್ಣಲ್ಲಿ ನೋಡಿ. ಟೊಳ್ಳು ಅಂಗವೋ ಗಟ್ಟಿ ಅಂಗವೋ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ 4 ಎಕ್ಸ್‌ನಲ್ಲಿ ಇಡೀ ಸ್ಲೈಡ್ ಸುತ್ತಾಡಿ. ಎಲ್ಲರೂ ಸುಮ್ನೆ 40 ಎಕ್ಸ್‌ಗೆ ಹಾರುತ್ತಾರೆ, ಅಲ್ಲಿ ಹೋದರೆ ದಾರಿ ತಪ್ಪಿದ ಹಾಗೇ. ಟೊಳ್ಳು ಅಂಗವಾದರೆ ಎರಡೇ ಪ್ರಶ್ನೆ ಕೇಳಿ. ಒಳಗಿನ ಹೊದಿಕೆ ಒಂದೇ ಪದರವೋ, ಹಲವು ಪದರವೋ? ಸ್ನಾಯು ಎಲ್ಲೆಲ್ಲಿದೆ, ಎಂಥದ್ದು?

ಈ ಎರಡು ಪ್ರಶ್ನೆ ಎಷ್ಟು ದೂರ ಕರೆದೊಯ್ಯುತ್ತವೆ ಅಂತ ತೋರಿಸಲು ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಾಲ್ಕು ಕೋಣೆಗಳಲ್ಲಿ ರೂಮೆನ್, ರೆಟಿಕ್ಯುಲಮ್, ಒಮೇಸಮ್ ಮೂರಕ್ಕೂ ಒಳಗಡೆ ಚರ್ಮದ ಹಾಗೆ ಪದರ ಪದರದ ಹೊದಿಕೆ, ಮೇಲೆ ಕೆರಾಟಿನ್, ಗ್ರಂಥಿ ಒಂದೂ ಇಲ್ಲ. ಗ್ರಂಥಿಗಳು ಕಂಡವೋ, ಅದು ನಾಲ್ಕನೆಯದು, ಅಬೊಮೇಸಮ್. ಉಳಿದ ಮೂರರಲ್ಲಿ ಯಾವುದು ಅಂತ ಹೇಳಲು ಮಸ್ಕ್ಯುಲಾರಿಸ್ ಮ್ಯೂಕೋಸೆ ಹುಡುಕಿ. ಅದು ಒಳಪೊರೆಯಲ್ಲೇ ಇರುವ ತೆಳು ಸ್ನಾಯು ಪಟ್ಟಿ. ರೂಮೆನ್ನಿನಲ್ಲಿ ಅದು ಇಲ್ಲವೇ ಇಲ್ಲ. ಅದರ ಪ್ಯಾಪಿಲ್ಲಾಗಳ (ಒಳಗೋಡೆಯಿಂದ ಚಾಚಿದ ಪುಟ್ಟ ನಾಲಿಗೆಗಳು) ಒಳಗೆ ಬರೀ ಸಂಯೋಜಕ ಅಂಗಾಂಶ, ರಕ್ತನಾಳ. ರೆಟಿಕ್ಯುಲಮ್ಮಿನಲ್ಲಿ ದೊಡ್ಡ ಮಡಿಕೆಯ ತುದಿಯ ಹತ್ತಿರ ಮಾತ್ರ ಸ್ನಾಯುವಿನ ಒಂದು ಗಂಟು ಕಾಣುತ್ತದೆ. ಒಮೇಸಮ್ಮಿನ ಎಲೆಯಲ್ಲಿ ಎರಡೂ ಪಕ್ಕಕ್ಕೆ ಪಟ್ಟಿ ಇದೆ. ದೊಡ್ಡ ಎಲೆಯಾದರೆ ಹೊರಗಿನ ಗೋಡೆಯ ಸ್ನಾಯು ನಡುವೆ ನುಗ್ಗಿ ಬಂದು ಒಟ್ಟು ಮೂರು ಪಟ್ಟಿಯಾಗುತ್ತದೆ. ಒಮ್ಮೆ ಕಂಡರೆ ಮರೆಯುವ ಮಾತೇ ಇಲ್ಲ.

ಮಾಂಸ ತಿನ್ನುವವರಾದರೆ ಅಂಗಡಿಯಿಂದ ಸುಣ್ಣ ಹಾಕಿ ಉಜ್ಜದ ಬೋಟಿ ತಂದು, ಚೆನ್ನಾಗಿ ತೊಳೆದು ಬೆರಳಾಡಿಸಿ ನೋಡಿ. ರೂಮೆನ್ನಿನ ಪ್ಯಾಪಿಲ್ಲಾ, ರೆಟಿಕ್ಯುಲಮ್ಮಿನ ಆರು ಮೂಲೆಯ ಮನೆಗಳು, ಒಮೇಸಮ್ಮಿನ ಸಾಲು ಎಲೆಗಳು, ಎಲ್ಲ ಕೈಗೇ ಸಿಗುತ್ತವೆ. ತಿನ್ನದವರಿಗೆ ಅನಾಟಮಿ ಲ್ಯಾಬ್ ಇದ್ದೇ ಇದೆ.

ಇಲ್ಲಿಗೇ ನಿಮ್ಮ ಎರಡನೇ ಪ್ರಶ್ನೆಯೂ ಬರುತ್ತದೆ. ಆ ಪ್ಯಾಪಿಲ್ಲಾಗಳ ಉದ್ದ ಮೇವಿಗೆ ತಕ್ಕಂತೆ ಬದಲಾಗುತ್ತದೆ. ಬರೀ ಹಾಲು ಕುಡಿಯುವ ಕರುವಿನ ರೂಮೆನ್ನಿನಲ್ಲಿ ಅವು ಚಿಕ್ಕವು. ಹಿಂಡಿ, ಧಾನ್ಯ ತಿನ್ನಲು ಶುರು ಮಾಡಿದಾಗ ರೂಮೆನ್ನಿನಲ್ಲಿ ಹುಳಿಯುವಿಕೆ ನಡೆದು ಬ್ಯುಟಿರಿಕ್ ಆಮ್ಲದಂಥವು ಹುಟ್ಟುತ್ತವೆ. ಅವುಗಳ ಪ್ರಚೋದನೆಯಿಂದ ಪ್ಯಾಪಿಲ್ಲಾ ಬೆಳೆಯುತ್ತವೆ. ಕಾಫ್ ಸ್ಟಾರ್ಟರ್ (ಕರುವಿಗೆ ಮೊದಲು ಕೊಡುವ ಧಾನ್ಯದ ಮೇವು) ಕೊಡಿ ಅಂತ ರೈತರಿಗೆ ಹೇಳುವುದು ಇದಕ್ಕೇ. ಅದೇ ಧಾನ್ಯ ಅತಿಯಾದರೆ ಹುಳಿ ಹೆಚ್ಚಿ ಹೊದಿಕೆಯ ಕೆರಾಟಿನ್ ಪದರ ದಪ್ಪಗಟ್ಟುತ್ತದೆ, ಮೇಲ್ಪದರದ ಕೋಶಗಳಲ್ಲಿ ನ್ಯೂಕ್ಲಿಯಸ್ ಹಾಗೇ ಉಳಿಯುತ್ತದೆ, ಹೀರಿಕೊಳ್ಳುವುದು ಕುಂದುತ್ತದೆ. ಸಹಜವಾದ ಹೊದಿಕೆ ಎಷ್ಟು ದಪ್ಪ ಅಂತ ಗೊತ್ತಿಲ್ಲದವರಿಗೆ ಇದು ಕಾಣುವುದೇ ಇಲ್ಲ.

ಇನ್ನೊಂದು ಮಾತು. ಮನುಷ್ಯರ ಹಿಸ್ಟಾಲಜಿ ಪುಸ್ತಕ, ಎಂಬಿಬಿಎಸ್‌ನವರ ವಿಡಿಯೋ ನೋಡಿ ಓದುವವರು ಜಾಸ್ತಿ. ಬೇಸಿಕ್ಸ್‌ಗೆ ಪರವಾಗಿಲ್ಲ, ಅಷ್ಟೇ. ಸಬ್‌ಮ್ಯೂಕೋಸಾದಲ್ಲಿ, ಅಂದರೆ ಒಳಪೊರೆಯ ಕೆಳಗಿನ ಪದರದಲ್ಲಿ, ಗ್ರಂಥಿ ಇದ್ದರೆ ಡುವೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಅನ್ನುವ ಸೂತ್ರವನ್ನೇ ತೆಗೆದುಕೊಳ್ಳಿ. ಹಸು, ಕುದುರೆ, ಹಂದಿಯಲ್ಲಿ ಆ ಗ್ರಂಥಿಗಳು ಅದರ ಮುಂದಿನ ಭಾಗವಾದ ಜೆಜುನಮ್‌ವರೆಗೂ ಹೋಗುತ್ತವೆ. ನಾಯಿಯಲ್ಲಿ ಡುವೊಡಿನಮ್ಮಿನ ಶುರುವಿನಲ್ಲೇ ಮುಗಿಯುತ್ತವೆ. ಅನ್ನನಾಳವೂ ಹಾಗೇ. ಹಸು ಮತ್ತು ನಾಯಿಯಲ್ಲಿ ಉದ್ದಕ್ಕೂ ಪಟ್ಟೆಯಿರುವ ಸ್ನಾಯು. ಕುದುರೆ, ಬೆಕ್ಕಿನಲ್ಲಿ ಕೆಳಭಾಗಕ್ಕೆ ಬಂದಾಗ ನುಣುಪು ಸ್ನಾಯು.

ಹಂದಿಯದಂತೂ ಬೇರೆಯೇ ಲೋಕ. ಅದರ ಲಿವರಿನಲ್ಲಿ ಪ್ರತಿ ಲೋಬ್ಯೂಲಿನ (ಲಿವರಿನ ಪುಟ್ಟ ಘಟಕ) ಸುತ್ತ ಸಂಯೋಜಕ ಅಂಗಾಂಶದ ಪೂರ್ತಿ ಬೇಲಿ ಇರುತ್ತದೆ. ಹಸುವಿನ ಲಿವರಿನಲ್ಲಿ ಹಾಗೆ ಕಂಡರೆ ರೋಗ, ಹಂದಿಯಲ್ಲಿ ಅದೇ ಆರೋಗ್ಯ. ಹಂದಿಯ ಲಿಂಫ್ ನೋಡ್ ಒಳಗಿನದು ಹೊರಗೆ. ಲಿಂಫೋಸೈಟುಗಳ ದುಂಡು ಗುಂಪುಗಳಾದ ಫಾಲಿಕಲ್ಲುಗಳು ನಡುವೆ, ಬೇರೆ ಪ್ರಾಣಿಗಳಲ್ಲಿ ನಡುವಿರುವ ಮೆಡುಲ್ಲಾದಂಥ ಭಾಗ ಅಂಚಿಗೆ. ಬೆಕ್ಕಿನ ಕಿಡ್ನಿಯ ನಳಿಕೆಗಳಲ್ಲಿ ಕೊಬ್ಬಿನ ಖಾಲಿ ಖಾಲಿ ಗುಳ್ಳೆ ಕಂಡು ಗಾಬರಿಯಾಗಬೇಡಿ, ಅದು ಬೆಕ್ಕಿಗೆ ಸಹಜ.

ಕೋಳಿಯಲ್ಲಿ ಲಿಂಫ್ ನೋಡ್ ಹುಡುಕಬೇಡಿ, ಇಲ್ಲ. ಬದಲಿಗೆ ಬರ್ಸಾ ನೋಡಿ, ಅದು ಹಕ್ಕಿಗಳ ಹಿಂಭಾಗದಲ್ಲಿರುವ ರೋಗನಿರೋಧಕ ಅಂಗ. ಆರೋಗ್ಯವಂತ ಮರಿಯ ಬರ್ಸಾದ ಮಡಿಕೆಗಳಲ್ಲಿ ಫಾಲಿಕಲ್ಲುಗಳು ಲಿಂಫೋಸೈಟುಗಳಿಂದ ಕಿಕ್ಕಿರಿದಿರುತ್ತವೆ. ಬರ್ಸಾವನ್ನು ಹಾಳುಗೆಡವುವ ವೈರಸ್ ಕಾಯಿಲೆ ಗಂಬೋರೊ ಬಂದರೆ ಅದೇ ಫಾಲಿಕಲ್ಲುಗಳು ಖಾಲಿ. ಫಾರಂನಲ್ಲಿ ಮರಿಗಳು ಸಾಯುತ್ತಿರುವಾಗ ಈ ಒಂದು ಸ್ಲೈಡ್ ಎಷ್ಟೋ ಹೇಳುತ್ತದೆ.

ರೇಬೀಸ್ ಇನ್ನೊಂದು. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ನರಕೋಶಗಳೊಳಗೆ ಕಂಡ ಗುಲಾಬಿ ಚುಕ್ಕೆಗಳನ್ನು ಇವತ್ತಿಗೂ ನೆಗ್ರಿ ಬಾಡಿ ಅನ್ನುತ್ತೇವೆ. ನಾಯಿಯಾದರೆ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ, ಹಸುವಾದರೆ ಸೆರೆಬೆಲ್ಲಮ್ಮಿನ (ಕಿರುಮಿದುಳು) ಪರ್ಕಿಂಜೆ ಅನ್ನುವ ದೊಡ್ಡ ನರಕೋಶಗಳಲ್ಲಿ ಹುಡುಕಬೇಕು. ಈಗ ಮುಖ್ಯ ಪರೀಕ್ಷೆ ಫ್ಲೋರೆಸೆಂಟ್ ಆ್ಯಂಟಿಬಾಡಿಯದ್ದು, ಯಾಕೆಂದರೆ ರೇಬೀಸ್ ಇದ್ದರೂ ನೆಗ್ರಿ ಬಾಡಿ ಸಿಗದೇ ಇರಬಹುದು. ಆದರೂ ಪರ್ಕಿಂಜೆ ಕೋಶ ಎಲ್ಲಿ ಕೂತಿರುತ್ತದೆ ಅಂತ ಮೊದಲ ವರ್ಷದಲ್ಲಿ ಕಲಿತಿರಲೇಬೇಕು.

ಮುಂದೆ ನೀವು ಮೈಕ್ರೋಸ್ಕೋಪ್ ಮುಟ್ಟದೇ ಇರಬಹುದು, ಸ್ಯಾಂಪಲ್ ಕಳಿಸುವುದು ಮಾತ್ರ ತಪ್ಪಲ್ಲ. ಚಿಕ್ಕ ಬಾಯಿಯ ನೀರಿನ ಬಾಟಲಿಗೆ ಲಿವರಿನ ದೊಡ್ಡ ತುಂಡನ್ನು ತುರುಕಿ ಕಳಿಸುವವರು ಇದ್ದಾರೆ. ಅಂಗಾಂಶ ಕೊಳೆಯದಂತೆ ಹಾಕುವ ಫಾರ್ಮಲಿನ್‌ ದ್ರಾವಣದಲ್ಲಿ ಅದು ಗಟ್ಟಿಯಾಗಿ, ಬಾಟಲಿ ಕತ್ತರಿಸದೆ ಹೊರಗೇ ಬರುವುದಿಲ್ಲ. ತೆಗೆದು ಕೊಯ್ದರೆ ನಡುಭಾಗ ಕೊಳೆತಿರುತ್ತದೆ, ಯಾಕೆಂದರೆ ಫಾರ್ಮಲಿನ್ ಒಳಗಿಳಿಯುವುದು ಬಹಳ ನಿಧಾನ. ಅರ್ಧ ಸೆಂಟಿಮೀಟರ್ ದಪ್ಪದ ತುಂಡು, ಅದರ ಕನಿಷ್ಠ ಹತ್ತು ಪಟ್ಟು 10% ಬಫರ್ಡ್ ಫಾರ್ಮಲಿನ್, ಅಗಲ ಬಾಯಿಯ ಡಬ್ಬಿ. ಫ್ರೀಜರಿಗೆ ಹಾಕಲೇಬೇಡಿ, ಮಂಜಿನ ಹರಳು ಕೋಶಗಳನ್ನು ಹರಿದುಹಾಕುತ್ತದೆ. ಕರುಳನ್ನು ಎಲ್ಲಕ್ಕಿಂತ ಮೊದಲು ತೆಗೆಯಿರಿ. ನಮ್ಮ ಬೇಸಿಗೆಯಲ್ಲಿ ಅದರ ಒಳಪೊರೆ ನೋಡನೋಡುತ್ತಲೇ ಕಳಚಿ ಹೋಗುತ್ತದೆ.

ಕೊನೆಗೆ ರೆಕಾರ್ಡ್ ಪುಸ್ತಕ. ಸೀನಿಯರ್ ರೆಕಾರ್ಡ್ ನೋಡಿ ನಕಲು ಹೊಡೆಯುವುದು ಎಲ್ಲ ಕಡೆ ಇದೆ, ನನಗೂ ಗೊತ್ತು. ರೆಕಾರ್ಡ್ ಹೇಗಾದರೂ ಮುಗಿಸಿ, ಆದರೆ ರಫ್ ಪುಸ್ತಕದಲ್ಲಿ ನಿಮ್ಮ ಸ್ಲೈಡಿನಲ್ಲಿ ಕಂಡದ್ದನ್ನೇ, ಮಡಚಿದ ಮೂಲೆಯ ಸಮೇತ, ಬರೀ ಪೆನ್ಸಿಲಿನಲ್ಲಿ ಬರೆಯಿರಿ. ಅಳತೆಗೆ ಕೆಂಪು ರಕ್ತಕಣ ಹುಡುಕಿ. ನಾಯಿಯದು ಸುಮಾರು 7 ಮೈಕ್ರಾನ್, ಮೇಕೆಯದು 4ರ ಆಸುಪಾಸು. ಸ್ಲೈಡಿನಲ್ಲಿ ಸ್ವಲ್ಪ ಕುಗ್ಗಿರುತ್ತದೆ, ಆದರೂ ಅಂದಾಜಿಗೆ ಸಾಕು. ಸ್ಪಾಟರ್ಸ್‌ನಲ್ಲಿ (ಸ್ಲೈಡ್ ನೋಡಿ ಗುರುತಿಸುವ ಪರೀಕ್ಷೆ) ಅಂಗದ ಹೆಸರಿನ ಜೊತೆ ಕಾರಣವನ್ನೂ ಎರಡು ಸಾಲು ಬರೆಯಿರಿ. ನಾನು ಪೇಪರ್ ನೋಡುವಾಗ ಹೆಸರು ತಪ್ಪಿದ್ದರೂ ಕಾರಣ ಸರಿಯಿದ್ದರೆ ಅರ್ಧ ಅಂಕವನ್ನಾದರೂ ಕೊಡುತ್ತೇನೆ.